ಟೈಲರ್ ಮಾಮನ ಹನ್ನೊಂದು ಗುಂಡಿ

ನಮ್ಮ ಬೀದಿಯ ಟೈಲರ್ ಮಾಮನಿಗೆ ಪ್ಯಾಂಟು ಹೊಲಿಯಲು ಕೊಟ್ಟರೆ ಮೊದಲು ಸಿಗುವುದು ಪ್ಯಾಂಟಲ್ಲ, ನಮ್ಮ ದೇಶದ ಫುಟ್‌ಬಾಲ್ ತಂಡದ ಜಾತಕ. ಬಟ್ಟೆ ಕತ್ತರಿಸುವ ಮೇಜಿನ ಮೇಲೆ ಸೀಮೆಸುಣ್ಣದಲ್ಲಿ ಮೈದಾನ ಬರೆದು, ಹನ್ನೊಂದು ಗುಂಡಿ ಜೋಡಿಸಿ, "ನೋಡಪ್ಪಾ, ಮುಂದಿನವರು ಬೆಂಕಿ, ನಡುವಿನವರು ಪರವಾಗಿಲ್ಲ, ಎಡಗಡೆ ಡಿಫೆನ್ಸ್ ಮಾತ್ರ ಬರೀ ಕಚ್ಚಾ ಹೊಲಿಗೆ, ಎಳೆದರೆ ಬಿಚ್ಕೊಳ್ಳುತ್ತೆ" ಅನ್ನುತ್ತಾರೆ. ಅದೇ ಚಿಂತೆಯಲ್ಲಿ ಒಮ್ಮೆ ನನ್ನ ಪ್ಯಾಂಟಿಗೆ ಎರಡೂ ಎಡಗಾಲೇ ಹೊಲಿದಿಟ್ಟಿದ್ದರು, ಕೇಳಿದ್ದಕ್ಕೆ, "ಎಡಗಡೆ ಗಟ್ಟಿಯಾಗಬೇಕಿತ್ತಲ್ಲ!" ಎಂದು ನನ್ನನ್ನೇ ಗದರಿದರು. ನಿನ್ನೆ ಫೈನಲ್‌ನಲ್ಲಿ ಎದುರಾಳಿಗಳು ಅದೇ ಎಡಗಡೆಯಿಂದ ಐದು ಸಲ ನುಗ್ಗಿದರು, ಐದು ಸಲವೂ ನಮ್ಮ ಗೋಲ್‌ಕೀಪರ್ ಚೆಂಡನ್ನು ತಡೆದ, ಕಪ್ ನಮ್ಮದಾಯಿತು. ಇವತ್ತು ಮಾಮ ತಾವೇ ಕಪ್ ಎತ್ತಿದವರ ಹಾಗೆ ಅಳತೆ ಟೇಪನ್ನು ಹೂಮಾಲೆಯಂತೆ ಕೊರಳಿಗೆ ಹಾಕಿಕೊಂಡು, ದಾರಿಹೋಕರಿಗೆಲ್ಲ ಕೈ ಬೀಸುತ್ತಾ ಬಾಗಿಲಲ್ಲಿ ನಿಂತಿದ್ದರು. "ಹತ್ತು ಗುಂಡಿ ಬಿಳಿ, ಗೋಲ್‌ಕೀಪರ್‌ಗೆ ಮಾತ್ರ ಯಾಕೆ ಮಾಮ ಇಷ್ಟು ದೊಡ್ಡ ಹಸಿರು ಗುಂಡಿ?" ಅಂದೆ, ಮೇಜಿನ ಕಡೆ ತೋರಿಸಿ. ಒಳಗೆ ತಲೆ ಎತ್ತದೆ ಕಾಜಾ ಹಾಕುತ್ತಿದ್ದ ಹೆಂಡತಿಯ ಕಡೆ, ಅಂದರೆ ನಮ್ಮ ಅತ್ತೆಯ ಕಡೆ ನೋಡಿ ದನಿ ತಗ್ಗಿಸಿದರು: "ಅದು ನಿಮ್ಮತ್ತೆಯ ಹಳೇ ಕೋಟಿನದು. ನಮ್ಮನೆಯ ಎಡಗಡೆ ಡಿಫೆನ್ಸ್ ನಾನು ಕಣಪ್ಪಾ. ಆದರೂ ಮೂವತ್ತು ವರ್ಷದಿಂದ ಈ ಮನೆಗೆ ಒಂದು ಗೋಲೂ ಬಿದ್ದಿಲ್ಲ."