ಫ್ಲಾರೆನ್ಸಿನ ಕ್ಯಾಸೆಟ್

ಇನ್ನು ಎರಡು-ಮೂರು ವರ್ಷ, ಆಮೇಲೆ ಬರೀ ಬೆಳಕು-ನೆರಳು ಅಂತ ಓಕ್ ಬ್ರೂಕ್‌ನ ಕಣ್ಣಿನ ಡಾಕ್ಟರು ನನ್ನ ಹೆಂಡತಿಗೆ ಹೇಳಿದರು. ವಾಪಸು ಬರುವಾಗ ಕಾರಿನಲ್ಲಿ ಅವಳು ಅಳಲಿಲ್ಲ. ಹೈವೇಯಿಂದ ನಮ್ಮೂರು ಲಿಸ್ಲ್‌ಗೆ ತಿರುಗುವ ಎಕ್ಸಿಟ್ ಹತ್ತಿರ ಬಂದಾಗ, "ಫ್ಲಾರೆನ್ಸ್‌ಗೆ ಹೋಗಿಬರೋಣ ಕಣ್ರೀ. ಆ ಚಿತ್ರಗಳನ್ನ ಒಂದ್ಸಲ ನೋಡ್ಬೇಕು," ಎಂದಳು. ಮದುವೆಗೆ ಮುಂಚೆ ಮೈಸೂರಿನ ಶಾಲೆಯೊಂದರಲ್ಲಿ ಡ್ರಾಯಿಂಗ್ ಕಲಿಸುತ್ತಿದ್ದವಳು. ಫ್ಲಾರೆನ್ಸಿನ ಗೋಡೆಚಿತ್ರಗಳನ್ನು ಪುಸ್ತಕದಲ್ಲಿ ಮಾತ್ರ, ಅದೂ ಕಪ್ಪು-ಬಿಳುಪಿನಲ್ಲಿ ಕಂಡಿದ್ದಳು.

ನಾನು ತಡಮಾಡಲಿಲ್ಲ. ಇಟಾಸ್ಕಾದ ಆಫೀಸಿನಲ್ಲಿ ಊಟದ ಹೊತ್ತಿನಲ್ಲಿ ಕೂತು ಪಟ್ಟಿ ಮಾಡಿದೆ: ನಾಲ್ಕು ದಿನ, ಇಪ್ಪತ್ತಾರು ಜಾಗ. ನಮ್ಮವರು ಯುರೋಪಿಗೆ ಹೋಗುವುದೇ ಹಾಗೆ. ಜಾಗ ನೋಡುವುದಿಲ್ಲ, ಕವರ್ ಮಾಡುತ್ತೇವೆ. ಬಂದ ಮೇಲೆ ಸ್ನೇಹಿತರನ್ನೆಲ್ಲ ಬಿಸಿಬೇಳೆಬಾತಿಗೆ ಕರೆದು ವಿಡಿಯೋ ತೋರಿಸಬೇಕು. ಅದಕ್ಕೆಂದೇ ಹೊಸ ಕ್ಯಾಮ್‌ಕಾರ್ಡರ್ ಬಂತು. ಇದೆಲ್ಲ ಅವಳಿಗಾಗಿಯೇ ಎಂದು ನಾನು ಪೂರ್ತಿ ನಂಬಿದ್ದೆ.

ದೊಡ್ಡ ಚರ್ಚಿನ ಗುಮ್ಮಟ, ಕಂಚಿನ ಬಾಗಿಲು, ಅಂಗಡಿಗಳನ್ನು ಹೊತ್ತ ಹಳೆಯ ಸೇತುವೆ, ಎಲ್ಲವನ್ನೂ ಕ್ಯಾಮೆರಾದ ಕಿಂಡಿಯಲ್ಲೇ ನೋಡಿದೆ. ಮೂರನೆಯ ದಿನ ಕ್ರೈಸ್ತ ಸನ್ಯಾಸಿಗಳ ಹಳೆಯ ಮಠವೊಂದಕ್ಕೆ ಹೋದೆವು. ಮೆಟ್ಟಿಲ ತುದಿಯ ಗೋಡೆಯ ಮೇಲೆ ಒಂದು ಚಿತ್ರ: ಕಮಾನಿನ ಕೆಳಗೆ ಕೂತ ಹೆಣ್ಣು, ಅವಳೆದುರು ಬಾಗಿದ ದೇವದೂತ. ಹೆಂಡತಿ ಅಲ್ಲೇ ನಿಂತುಬಿಟ್ಟಳು. ಅವಳ ನೋಟ ಆಗಲೇ ಸುತ್ತಲಿಂದ ಮುಚ್ಚಿಕೊಂಡು ಬಂದಿತ್ತು. ಕತ್ತು ಹೊರಳಿಸುತ್ತ ಗೋಡೆಯನ್ನು ತುಂಡು ತುಂಡಾಗಿ ನೋಡತೊಡಗಿದಳು.

ಕಾವಲುಗಾರ ಕ್ಯಾಮೆರಾ ಇಳಿಸಲು ಸನ್ನೆ ಮಾಡಿದ. ಇಳಿಸಿದೆ. ಶೂಟಿಂಗ್ ಇಲ್ಲವೆಂದ ಮೇಲೆ ನನಗಲ್ಲಿ ಏನು ಕೆಲಸ? ಗಡಿಯಾರ ನೋಡಿದೆ. ಪೀಸಾದ ರೈಲಿಗೆ ನಲವತ್ತೇ ನಿಮಿಷ ಇತ್ತು. ವಾಲುವ ಗೋಪುರವನ್ನು ಅಂಗೈಯಲ್ಲಿ ತಡೆದು ನಿಲ್ಲಿಸಿದ ಫೋಟೋ ಇಲ್ಲದೆ ಲಿಸ್ಲ್‌ನಲ್ಲಿ ಮುಖ ತೋರಿಸುವುದು ಹೇಗೆ? ಅವಳ ತೋಳು ಹಿಡಿದು ಹೊರಡಿಸಿದೆ. ರೈಲೂ ಸಿಕ್ಕಿತು, ಫೋಟೋನೂ ಸಿಕ್ಕಿತು.

ಬಿಸಿಬೇಳೆಬಾತಿನ ಶನಿವಾರ ಮನೆ ತುಂಬ ಜನ. ಗುಮ್ಮಟ, ಬಾಗಿಲು, ಸೇತುವೆ ಬಂದು ಹೋದವು. ಆಮೇಲೆ ಟೀವಿಯಲ್ಲಿ ಬರೀ ಕಲ್ಲು ನೆಲ, ನನ್ನ ಶೂ. ಮಠದಲ್ಲಿ ಕ್ಯಾಮೆರಾ ಇಳಿಸಿದ್ದೆ, ನಿಲ್ಲಿಸಿರಲಿಲ್ಲ.

"ಒಂದೈದು ನಿಮಿಷ ಕಣ್ರೀ. ರೆಕ್ಕೆ ಇನ್ನೂ ನೋಡಿಲ್ಲ," ಎಂಬ ಅವಳ ದನಿ ಕೇಳಿತು.

"ಬಾರೇ ಬೇಗ. ಗೋಡೆ ಎಲ್ಲಿಗೂ ಓಡಿಹೋಗಲ್ಲ," ಎಂದಿತು ನನ್ನದು.

ಎಲ್ಲರೂ ಗೊಳ್ಳೆಂದು ನಕ್ಕರು. ಅವಳೂ ನಕ್ಕಳು. ಅವಳ ಕಣ್ಣಿನ ವಿಷಯ ನಾವು ಯಾರಿಗೂ ಹೇಳಿರಲಿಲ್ಲ. ನನಗೆ ಮಾತ್ರ ನನ್ನ ಮೇಲೇ ಹೇಸಿಗೆಯಾಯಿತು.

ಮತ್ತೆ ಹೋಗಲು ಆಗಲಿಲ್ಲ. ಡಾಕ್ಟರು ಹೇಳಿದ್ದಕ್ಕಿಂತ ಬೇಗ ಅವಳ ದೃಷ್ಟಿ ಹೋಯಿತು. ಒಂದು ಮಧ್ಯಾಹ್ನ ಅವಳು ಸೋಫಾದಲ್ಲಿ ಕೂತು, "ಆ ಮಠದ್ದು ಹಾಕ್ರೀ," ಎಂದಳು.

"ಅದ್ರಲ್ಲಿ ಬರೀ ನೆಲ ಇದೆ."

"ಗೊತ್ತು. ನೀವು ಪಕ್ಕದಲ್ಲೇ ಇದ್ರಲ್ಲ. ರೆಕ್ಕೆ ಯಾವ ಬಣ್ಣ ಇತ್ತು, ಹೇಳಿ."

ದೇವದೂತರ ರೆಕ್ಕೆ ಇನ್ನೇನಿರುತ್ತದೆ? "ಬಿಳಿ," ಎಂದೆ.

ಅವಳು ತಡವಿ ತಡವಿ ನನ್ನ ಕೈ ಹಿಡಿದುಕೊಂಡಳು.

"ಬಿಳಿ ಅಲ್ಲ ಕಣ್ರೀ," ಎಂದಳು. "ತಿರುಗಿ ಹೊರಡೋವಾಗ ಅಷ್ಟು ಮಾತ್ರ ನೋಡ್ಕೊಂಡಿದ್ದೆ."