ಮೂಗಿನ ಹನಿ

ನಮ್ಮ ಅರಿವಳಿಕೆ ಡಾಕ್ಟ್ರು ಬೈಂದೂರಿನಿಂದ ಬ್ರಹ್ಮಾವರದವರೆಗೆ ಯಾವ ಆಸ್ಪತ್ರೆ ಕರೆದರೂ ತಾವೇ ಕಾರು ಓಡಿಸಿಕೊಂಡು ಹೋಗುತ್ತಿದ್ದರು. ಕುಂದಾಪುರದಲ್ಲಿ ನಾನು ಅವರ ಜೊತೆಗಿದ್ದ ನರ್ಸ್. ಮಕ್ಕಳ ಆಪರೇಷನ್ ಇದ್ದ ದಿನ ಅವರು ಸೀರೆಯ ನೆರಿಗೆ ಒತ್ತಿಕೊಂಡು, ಮಗುವಿನ ಎದುರು ನೆಲದಲ್ಲೇ ಕೂರುತ್ತಿದ್ದರು. "ಎಂತದೂ ಆತ್ತಿಲ್ಲೆ ಮಗಾ" ಎನ್ನುತ್ತಿದ್ದರು.

ಅಳುವ ಮಗುವನ್ನು ತಾಯಿಯ ಕೈಯಿಂದ ಕಿತ್ತು ಒಳಗೆ ಒಯ್ಯುವುದು ಅವರಿಂದ ಆಗುತ್ತಿರಲಿಲ್ಲ. ಅದಕ್ಕೇ ಮೊದಲು ಮಂಪರಿನ ಔಷಧಿ ಕೊಡುತ್ತಿದ್ದರು. ಸಿರಪ್ ಆದರೆ ಕಹಿ, ಹಿಡಿಯಲು ಅರ್ಧ ಗಂಟೆ ಬೇಕು. ಮೂಗಿಗೆ ಬಿಡುವ ಹನಿ ಬೇಗ ಹಿಡಿಯುತ್ತದೆ, ಆದರೆ ಉರಿಯುತ್ತದೆ.

ಒಮ್ಮೆ ಹಂಗಾರಕಟ್ಟೆಯ ಪುಟ್ಟ ಹುಡುಗಿಯೊಬ್ಬಳು ಹರ್ನಿಯಾ ಆಪರೇಷನ್ನಿಗೆ ಬಂದಳು. ಕೊಟ್ಟ ಸಿರಪ್ಪನ್ನೆಲ್ಲ ಉಗಿದುಬಿಟ್ಟಳು. ಒಳಗೆ ಸರ್ಜನ್ ಅವಸರ ಮಾಡುತ್ತಿದ್ದರು. ಡಾಕ್ಟ್ರು ಹನಿಯ ಔಷಧಿ ತೆಗೆದುಕೊಂಡರು.

"ಉರಿತ್ತಾ?" ಎಂದು ಹುಡುಗಿ ಕೇಳಿದಳು.

"ಇಲ್ಲೆ ಮಗಾ."

ಹನಿ ಬಿದ್ದೊಡನೆ ಹುಡುಗಿ ಚೀರಿದಳು. ಮಂಪರು ಹತ್ತಿ ಕಣ್ಣು ಎಳೆಯುತ್ತಿದ್ದರೂ ಮೂಗು ತಿಕ್ಕಿಕೊಳ್ಳುತ್ತ, "ಸುಳ್ಳ್ ಹೇಳ್ದ್ರಿ ನೀವು" ಎಂದಳು. ಡಾಕ್ಟ್ರ ಮುಖ ಕೆಂಪಾಯಿತು. ಅವರು ತಾಯಿಯ ಕಡೆಗೂ ನೋಡಲಿಲ್ಲ, ನನ್ನ ಕಡೆಗೂ ನೋಡಲಿಲ್ಲ.

ಸಂಜೆ ಅವರು ವಾರ್ಡಿಗೆ ಹೊರಟಾಗ ನಾನು, "ಆ ಔಷಧಿ ಕೊಟ್ರೆ ಮಕ್ಕಳಿಗೆ ನೆನಪೇ ಇರ್ತಿಲ್ಲೆ ಮೇಡಂ" ಎಂದೆ. ಅವರು ನಿಲ್ಲಲಿಲ್ಲ. ಹುಡುಗಿಯ ಹಾಸಿಗೆಯ ಮುಂದೆ ತಲೆ ತಗ್ಗಿಸಿ, "ಉರಿತ್ತ್ ಅಂದೇಳಿ ಗೊತ್ತಿದ್ದೂ ಸುಳ್ಳ್ ಹೇಳ್ದೆ ಮಗಾ. ತಪ್ಪಾಯ್ತ್" ಎಂದರು.

ಹುಡುಗಿಗೆ ಏನೂ ನೆನಪಿರಲಿಲ್ಲ. ಗುರುತಿಲ್ಲದವರನ್ನು ನೋಡುವಂತೆ ನೋಡಿ ನಕ್ಕಳು. ತಾನು ತಿನ್ನುತ್ತಿದ್ದ ಬಿಸ್ಕತ್ತಿನಲ್ಲಿ ಅರ್ಧ ಮುರಿದು ಕೊಟ್ಟಳು. ಡಾಕ್ಟ್ರು ಅದನ್ನು ಕೈಯಲ್ಲಿ ಹಿಡಿದು ನಿಂತೇ ಇದ್ದರು. ತಿನ್ನಲಿಲ್ಲ.