ವಿಡಿಯೋ ಕಾಕಾನ ರಾಕ್ಷಸ

ಎಡಗಣ್ಣು ಮುಚ್ಚಿ ಬಲಗಣ್ಣೊಂದರಿಂದಲೇ ಮನುಷ್ಯರನ್ನು ನೋಡುವ ಚಟ ನಮ್ಮ ವಿಡಿಯೋ ಕಾಕಾನಿಗೆ. ವರ್ಷಗಟ್ಟಲೆ ಮದುವೆ ಕ್ಯಾಮೆರಾ ಹೊತ್ತು ಬಲ ಹೆಗಲು ಇಳಿದುಹೋಗಿತ್ತು. ಒಮ್ಮೆ ಸಂತೆಯಲ್ಲಿ ಬದನೆಕಾಯಿ ಮಾರುವವಳನ್ನು ಹಾಗೇ ನೋಡುತ್ತ ನಿಂತು, "ಕಣ್ಣ ಹೊಡೀತಿ ಏನೋ ಮುದುಕಾ?" ಎಂದು ಬೈಸಿಕೊಂಡಿದ್ದರು.

ಶಹಾಬಾದದಲ್ಲಿ ಅವರ ಅಂಗಡಿ. ಅಲ್ಲಿ ಮಿಕ್ಸಿಂಗ್ ಕೆಲಸ ನನ್ನದು. ಅಂದರೆ ಮದುವೆ ವಿಡಿಯೋ ಕತ್ತರಿಸಿ, ಜೋಡಿಸಿ, ಹಾಡು ಹಚ್ಚಿ, ಮದುಮಗಳ ಸುತ್ತ ಗುಲಾಬಿ ಹೂ ತಿರುಗಿಸುವುದು. ಕಾಕಾನದು ಒಂದೇ ಕಟ್ಟಳೆ: "ಮಂಟಪಕ್ಕ ಬೆಂಕಿ ಬೀಳಲಿ, ಕ್ಯಾಮೆರಾದ ಕೆಂಪು ದೀಪ ಆರಬಾರ್ದು." ತೆಗೆದದ್ದನ್ನು ಅಳಿಸುತ್ತಲೂ ಇರಲಿಲ್ಲ.

ಈ ಕಟ್ಟಳೆಯ ಬೆಲೆ ನನಗೆ ತಿಳಿದದ್ದು ಒಬ್ಬ ಖಣಿ ಸಾಹುಕಾರನ ಮಗನ ಮದುವೆಯಲ್ಲಿ. ನೆಲಕ್ಕೆ ಹಾಸುವ ಫರಸಿ ಕಲ್ಲಿನ ಖಣಿಗಳಿದ್ದ ಕುಳ ಅವನು. ಅಕ್ಕಿಕಾಳು ಬೀಳುವ ಹೊತ್ತಿಗೆ ಪಟಾಕಿ ಹೊಗೆಗೆ ನೀರಿನ ಟ್ಯಾಂಕಿನ ಜೇನು ಎದ್ದಿತು. ಜನ ದಿಕ್ಕಾಪಾಲು. ಸಾಹುಕಾರನಂತೂ ಹೆತ್ತ ತಾಯಿ ಹೊದ್ದ ಶಾಲನ್ನೇ ಕಿತ್ತು, ತನ್ನ ತಲೆಗೆ ಸುತ್ತಿಕೊಂಡು, ಆ ಮುದುಕಿಯನ್ನು ಅಲ್ಲೇ ಬಿಟ್ಟು ಓಡಿದ. ಕಾಕಾನ ಮುಖ ಉಬ್ಬಿ ಹೋಗಿತ್ತು, ಆದರೂ ಕೆಂಪು ದೀಪ ಆರಿರಲಿಲ್ಲ. ಮರುದಿನ ಸಾಹುಕಾರನ ಕಡೆಯಿಂದ ಹೇಳಿಕೆ ಬಂತು: ಓಡಿದ್ದನ್ನು ಮದುವೆ ವಿಡಿಯೋದಿಂದ ತೆಗೆಯಿರಿ. ತೆಗೆದೆವು. ಖಾಲಿಯಾದ ಜಾಗಕ್ಕೆ ನಾನು ಗುಲಾಬಿ ಹೂ ಹಾಕಿದೆ.

ಮುಂದಿನ ಮಳೆಗಾಲದಲ್ಲಿ ಕಾಕಾನ ತಮ್ಮ ತೀರಿಹೋದ. ಅದೇ ಸಾಹುಕಾರನ ಖಣಿಯಲ್ಲಿ ಕಲ್ಲು ಎಬ್ಬಿಸುವ ಕೆಲಸ ಅವನದು. ನೀರು ತುಂಬಿದ ಹಳೆಯ ಖಣಿಗೆ ಬೇಲಿ ಇರಲಿಲ್ಲ, ದಂಡೆ ಜಾರಿ ಬಿದ್ದ. ಪೊಲೀಸರ ಮುಂದೆ ಸಾಹುಕಾರ, "ಕುಡದು ಬಿದ್ದಾನ್ರಿ" ಅಂದ. ಖಣಿಯ ಆಳುಗಳೂ ತಲೆಯಾಡಿಸಿದರು. ಎಲೆ ಅಡಿಕೆಯನ್ನೂ ಮುಟ್ಟದ ಲಿಂಗಧಾರಿ ಮನುಷ್ಯ ಅವನು! ಕಾಕಾನ ತಾಯಿ, ನಾವೆಲ್ಲ ಆಯಿ ಅನ್ನುವ ಮುದುಕಿ, ಅತ್ತದ್ದು ಸಾವಿಗಿಂತ ಆ ಮಾತಿಗೇ ಹೆಚ್ಚು. "ಮಗನೂ ಹೋದ, ಅವನ ಹೆಸರೂ ಹೋಯ್ತು" ಎಂದು, ಓಣಿಯ ಹೆಂಗಸರೆಲ್ಲ ಸೇರುವ ನಲ್ಲಿಯ ಹತ್ತಿರ ಹೋಗುವುದನ್ನೇ ಬಿಟ್ಟಳು. ಸಾಹುಕಾರನ ಬಾಯಿಂದ ಆ ಮಾತನ್ನು ವಾಪಸ್ ತೆಗೆಸಲೇಬೇಕೆಂದು ಕಾಕಾ ಪಣ ತೊಟ್ಟದ್ದು ಆಗಲೇ.

ಒಂದು ದಿನ ಅಂಗಡಿಗೆ ಬಂದವರೇ, "ತಂಗಿ, ಸಿನಿಮಾ ಮಾಡಮು" ಅಂದರು. ಕತೆ ಇಷ್ಟು: ಖಣಿಯ ನೀರಿನಿಂದ ರಾಕ್ಷಸ ಎದ್ದು ಶಹಾಬಾದವನ್ನು ಮುರಿಯುತ್ತಾನೆ. ಆ ಹೊತ್ತಿನಲ್ಲಿ ಒಬ್ಬ ಮದುವೆ ವಿಡಿಯೋದವನು ಅದನ್ನೆಲ್ಲ ತೆಗೆದಿದ್ದಾನೆ, ಆಮೇಲೆ ಅವನ ಕ್ಯಾಮೆರಾ ಮಾತ್ರ ಖಣಿ ದಂಡೆಯಲ್ಲಿ ಸಿಕ್ಕಿದೆ, ಅದರೊಳಗಿನದೇ ಸಿನಿಮಾ. ನಾನು ನಕ್ಕೆ.

"ರಾಕ್ಷಸ ಬರಾಕತ್ತಾನಂದ್ರ ಅವ ಯಾಕ ಓಡಂಗಿಲ್ಲ ಕಾಕಾ? ನಿಂತು ಶೂಟಿಂಗ್ ಮಾಡ್ತಾನೇನು?"

ಕಾಕಾ ಎಡಗಣ್ಣು ಮುಚ್ಚಿದರು. "ಓಡಿದವ್ರು ನಾಳಿಗಿ ಸುಳ್ಳ ಹೇಳ್ತಾರ ತಂಗಿ. ಒಬ್ಬನರ ನಿಂದರ್ಬೇಕು."

ನಾನು ಮತ್ತೆ ನಗಲಿಲ್ಲ.

ರಾಕ್ಷಸನನ್ನು ಇಡಿಯಾಗಿ ತೋರಿಸಲು ನಮ್ಮಲ್ಲಿ ಏನಿತ್ತು? ಕಲ್ಲು ಕೊಯ್ಯುವ ಮಷಿನಿನ ಸದ್ದನ್ನು ನಿಧಾನ ಮಾಡಿ ಗುಡುಗಿಸಿದೆವು. ಕಲ್ಲಿನ ಪುಡಿ ತೂರಿ ಧೂಳು ಎಬ್ಬಿಸಿದೆವು. ಕೈ ಒಂದನ್ನು ಮಾತ್ರ ಹತ್ತಿರದಿಂದ ತೋರಿಸಬೇಕಿತ್ತು. ಅದು ಯಾರದೆಂದು ಊರಿಗೆ ಇವತ್ತಿಗೂ ಗೊತ್ತಿಲ್ಲ. ಸುಕ್ಕುಗಟ್ಟಿದ ಮುಂಗೈಗೆ ಕಲ್ಲಿನ ರಾಡಿ ಬಳಿಸಿಕೊಂಡು, ರಟ್ಟಿನಲ್ಲಿ ಮಾಡಿದ ಸಾಹುಕಾರನ ಬಂಗಲೆಯ ಮೇಲೆ ದಬ್ಬನೆ ಬಡಿದವಳು ಆಯಿ! ಬಂಗಲೆ ಅಪ್ಪಚ್ಚಿಯಾದ ಮೇಲೂ ಅವಳಿಗೆ ಸಮಾಧಾನವಿಲ್ಲ.

"ಇನ್ನೊಂದ್ ಸರ್ತಿ ಹೊಡೀಲೇನಪ?"

"ಹೊಡಿ ಬೇ ಯವ್ವಾ," ಅಂದರು ಕಾಕಾ.

ಊರಿನವರು ಓಡುವ ದೃಶ್ಯಕ್ಕೆ ಆ ಜೇನಿನ ಮದುವೆಯ ತುಣುಕು ಬಂತು. ಕ್ಯಾಮೆರಾದಲ್ಲಿ ಜೇನು ಕಾಣಿಸುತ್ತಿರಲಿಲ್ಲ, ಬರೀ ಮನುಷ್ಯರು ಕಾಣಿಸುತ್ತಿದ್ದರು. ತಾಯಿಯ ಶಾಲು ಕಿತ್ತುಕೊಂಡವನ ಮುಖವಂತೂ ನಿಚ್ಚಳ.

ಸಿನಿಮಾ ಫೋನಿನಿಂದ ಫೋನಿಗೆ ಹರಿದು ಸೇಡಂ, ಚಿತ್ತಾಪುರ, ವಾಡಿ ಮುಟ್ಟಿತು. ಚಹಾದ ಹೋಟೆಲುಗಳಲ್ಲಿ ಜನ ರಾಕ್ಷಸನನ್ನು ಬಿಟ್ಟು ಶಾಲಿನ ಸಾಹುಕಾರನನ್ನೇ ತಿರುತಿರುಗಿ ನೋಡಿ ನಕ್ಕರು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಸಾಹುಕಾರ ತಾನಾಗಿ ಅಂಗಡಿಗೆ ಬಂದ.

"ತೆಗಿ ಅದನ್ನ!"

"ಇದ್ರಾಗ ನಿಮ್ಮ ಹೆಸರೇ ಇಲ್ಲಲ್ರಿ ಸಾಹುಕಾರ್ರ. ಕುಂದ್ರಿ, ಚಹಾ ತರಸ್ತೀನಿ."

ಅವನು ಕೂರಲಿಲ್ಲ, ಬೈದ, ಬೆದರಿಸಿದ. ಕೊನೆಗೆ ಮೆತ್ತಗಾದ. ಆಗ ಕಾಕಾ, "ನಮ್ಮನಿಗಿ ಬರ್ರಿ. ನಮ್ಮವ್ವನ ಮುಂದ ಖರೇ ಏನಂತ ಹೇಳ್ರಿ. ನೀವ್ ಓಡಿದ್ದನ್ನ ತೆಗೀತೀನಿ" ಅಂದರು.

ಬಂದ. ಅಂಗಳದಲ್ಲಿ ನಿಂತು, "ನಿಮ್ಮ ಮಗ ಕುಡದಿರ್ಲಿಲ್ಲ ಆಯಿ. ಅಲ್ಲಿ ಬೇಲಿ ಇರ್ಲಿಲ್ಲ" ಎಂದು ನೆಲ ನೋಡುತ್ತ ಹೇಳಿದ. ಕಾಕಾನ ಹೆಗಲ ಮೇಲಿನ ಕೆಂಪು ದೀಪವನ್ನು ಅವನು ನೋಡಲಿಲ್ಲ.

ಕಾಕಾ ಕೊಟ್ಟ ಮಾತು ತಪ್ಪಲಿಲ್ಲ. ಓಡಿದ್ದನ್ನು ನನ್ನ ಕೈಯಲ್ಲೇ ತೆಗೆಸಿದರು. "ಖಾಲಿ ಜಾಗಕ್ಕ ಏನ್ ಹಾಕ್ಲಿ ಕಾಕಾ?" ಎಂದೆ. "ಈ ಸಲ ಗುಲಾಬಿ ಬ್ಯಾಡ" ಎಂದು ಅಂಗಳದಲ್ಲಿ ಸಾಹುಕಾರ ಆಡಿದ ಮಾತಿನ ತುಣುಕು ಕೊಟ್ಟರು. ಅದೂ ಎಲ್ಲ ಫೋನುಗಳಿಗೆ ಹೋಯಿತು. ಆಯಿ ಮತ್ತೆ ಕೊಡ ಹಿಡಿದು ನಲ್ಲಿಗೆ ಹೋದಳು. ಮಾಡಿದ್ದುಣ್ಣೋ ಮಾರಾಯ! ನನ್ನ ಹೊಟ್ಟೆ ತಣ್ಣಗಾಯಿತು, ಇವತ್ತಿಗೂ ಆ ಬಗ್ಗೆ ನನಗೆ ಪಶ್ಚಾತ್ತಾಪವಿಲ್ಲ.

ಹೋದ ವರ್ಷ ಕಾಕಾ ಎದೆನೋವಿನಿಂದ ತೀರಿಕೊಂಡರು. ಮಣ್ಣಿಗೆ ಒಯ್ಯುವ ಮುಂಚೆ ಪದ್ಧತಿಯಂತೆ ಗೋಡೆಗೆ ಆನಿಸಿ, ವಿಭೂತಿ ಹಚ್ಚಿ ಕೂರಿಸಿದ್ದರು. ಎಡಗಣ್ಣು ಮುಚ್ಚಿತ್ತು, ಬಲಗಣ್ಣು ಮುಚ್ಚಿರಲಿಲ್ಲ. ಯಾರೋ ರೆಪ್ಪೆ ಎಳೆಯಲು ಹೋದರೆ ಆಯಿ ತಡೆದಳು. "ಬಿಡ್ರಿ, ನೋಡ್ಲಿ."

ಅವರದೇ ಕ್ಯಾಮೆರಾ ನನ್ನ ಹೆಗಲ ಮೇಲಿತ್ತು. ಊರವರ ಬಾಯಿಗೆ ಹೆದರಿ ಸಾಹುಕಾರನೂ ಮಾಲೆ ತಂದಿದ್ದ. ಆ ಕಣ್ಣು ಕಂಡದ್ದೇ ಮಾಲೆಯನ್ನು ಪಕ್ಕದವನ ಕೈಗೆ ತುರುಕಿ, ಬಾಗಿಲಿನತ್ತ ಬಿರಬಿರನೆ ನಡೆದ. ಅವನು ಓಣಿ ದಾಟುವ ತನಕ ನಾನು ಕ್ಯಾಮೆರಾ ಬಂದ್ ಮಾಡಲಿಲ್ಲ.